ಹೆಬ್ಬೆಟ್ಟಿಗೆ ಬಿದ್ದ ಗೇಣಿ

ಸಂಡೂರು ಸೀಮೆಯ ಅದಿರು ಲಾರಿಗಳ ಧೂಳು ಕುಡಿದು ಬೆಳೆದವರು ನಾವು, ಬಂಡ್ರಿಯ ಹುಡುಗರು. ಆ ಲಾರಿಗೆ ಸಿಕ್ಕು ಸತ್ತವನ ಹೆಂಡತಿ ಪರಿಹಾರಕ್ಕೆಂದು ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ.

"ಈಗ ಏನೂ ಕೊಡಬ್ಯಾಡ. ರೊಕ್ಕ ಬಂದ ಮ್ಯಾಲೆ ನೂರಕ್ಕೆ ಇಪ್ಪತ್ತು ಕೊಡು. ಇಲ್ಲಿ ಹೆಬ್ಬೆಟ್ಟು ಒತ್ತು."

(ನಮ್ಮ ಅವ್ವಂದಿರನ್ನು ಕರಿ ಕೋಟಿನವರು ಏಕವಚನದಲ್ಲೇ ಮಾತಾಡಿಸೋದು.)

ಒತ್ತುತ್ತಾಳೆ. ವಕಾಲತ್ತಿನ ಕೆಳಗೆ ಇನ್ನೊಂದು ಖಾಲಿ ಕಾಗದ ಇತ್ತೆಂದು ತಿಳಿಯೋದು ರೊಕ್ಕ ಬಂದ ದಿನವೇ. ತಕರಾರು ಮಾಡಿದರೆ ಫೈಲು ಕೊಡೋದಿಲ್ಲ ಅನ್ನೋ ಬೆದರಿಕೆ.

ವಕೀಲರದೂ ದುಡಿಮೆಯೇ. ಕೂಲಿ ತಗೊಳ್ಳಲಿ, ನಾವೂ ಕೂಲಿಯವರ ಮಕ್ಕಳೇ. ಆದರೆ ಹೆಣದ ಮೇಲೆ ಬಂದ ಹಣದಲ್ಲಿ ಪಾಲು ಕೇಳೋದು ಎಂಥ ಕೂಲಿ? 1974ರಲ್ಲಿ ಹೊಲದ ಗೇಣಿಯನ್ನು ಕಾನೂನು ತೆಗೆಯಿತು. ಕೋರ್ಟಿನ ಗೇಣಿ ಇನ್ನೂ ನಡೀತಾನೇ ಇದೆ.

ಗೆದ್ದ ಹಣದಲ್ಲಿ ಪಾಲು ಗೊತ್ತುಮಾಡಿಕೊಳ್ಳಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಫೀಸು ಬಾಕಿಯೆಂದು ಕಕ್ಷಿದಾರನ ಫೈಲು ಹಿಡಿದಿಟ್ಟುಕೊಳ್ಳೋ ಹಕ್ಕು ವಕೀಲನಿಗಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2017ರ ಡಿಸೆಂಬರಿನಲ್ಲಿ ಅದೇ ಕೋರ್ಟಿನ ಮುಂದೆ ತೆಲಂಗಾಣದ ಒಬ್ಬ ವಿಧವೆ ನಿಂತಳು. ಗಂಡ ಅಪಘಾತದಲ್ಲಿ ಸತ್ತವನು. 10 ಲಕ್ಷ ಕೊಟ್ಟ ಮೇಲೂ ಇನ್ನೂ 10 ಲಕ್ಷಕ್ಕೆ ಚೆಕ್ಕು ಬರೆಸಿಕೊಂಡರು ಅಂದಳು ಆಕೆ. ಚೆಕ್ಕು ಪಾಸಾಗಲಿಲ್ಲವೆಂದು ಅವಳ ಮೇಲೆ ಕೇಸು ಹಾಕಿದ್ದು ಅವಳದೇ ವಕೀಲ! ಸುಪ್ರೀಂ ಕೋರ್ಟು ಆ ಕೇಸು ರದ್ದು ಮಾಡಿತು.

ಇಷ್ಟಕ್ಕೂ ಫೀಸು ಯಾಕೆ ಕೊಡಬೇಕು? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 12ನೇ ಕಲಮು ಓದಿ. ಪರಿಶಿಷ್ಟ ಜಾತಿ ಪಂಗಡದವರಿಗೆ, ಯಾವ ಜಾತಿಯ ಹೆಂಗಸರಿಗೂ, ಆದಾಯ ಕೇಳದೆ ಸರ್ಕಾರವೇ ವಕೀಲರನ್ನು ಕೊಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ನಮ್ಮ ಕೇರಿಯಲ್ಲಿ ಇದು ಎಷ್ಟು ಮಂದಿಗೆ ಗೊತ್ತು? ಕೋರ್ಟಿನ ಬಾಗಿಲಲ್ಲಿ ಕಾಯೋ ದಲ್ಲಾಳಿ ಇದನ್ನು ಹೇಳಿಯಾನೇ?

ನಮ್ಮವರಾದ ಕೆಲವು ವಕೀಲರಿಗೂ ಈ ಮಾತು ಖಾರ ಆಗಬಹುದು. ಆಗಲಿ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಮೇಜಿನ ಮೇಲೆ ನೂರಕ್ಕೆ ಇಪ್ಪತ್ತರ ಕಾಗದ! ಮುಂಬಯಿ ಹೈಕೋರ್ಟಿನಲ್ಲಿ ಆ ಮಹಾನುಭಾವರೂ ಕರಿ ಕೋಟು ತೊಟ್ಟಿದ್ದರು.

ಹಾಸ್ಟೆಲಿನ ಗೆಳೆಯರೇ, ಈ ಸಲ ರಜೆಗೆ ಊರಿಗೆ ಹೋದಾಗ ಅವ್ವನ ಟ್ರಂಕು ತೆಗೆಸಿ. ಅದರಲ್ಲಿರೋ ಕಾಗದ ಓದಿ ಹೇಳಿ. ಫೀಸು ಇಷ್ಟು ರೂಪಾಯಿ ಎಂದು ಬರೆಸಿ, ರಸೀದಿ ಕೇಳಿ. ಮೋಸ ಕಂಡರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಬರೆಯೋಕೆ ಬರದವರಿಗೆ ನಾವು ಕೂತು ಬರೆದುಕೊಡ್ತೇವೆ.