ಮೋಟಾರಿನ ಇಂಜಿನನ್ನು ಚಾಲೂ ಮಾಡುವ ಕ್ರಮ

ಮೋಟಾರು ನಡೆಸುವುದನ್ನು ಕಲಿಸುವವರು ಬಹುಮಂದಿ ಉಂಟು. ಇಂಜಿನನ್ನು ಚಾಲೂ ಮಾಡುವ ಕ್ರಮವನ್ನು ತಿಳಿಯಹೇಳುವವರು ವಿರಳ. ಕೀಲಿ ತಿರುಗಿಸಿದರಾಯಿತು, ಅದರಲ್ಲಿ ಕಲಿಯತಕ್ಕುದೇನು ಎಂದು ಕಲಬುರಗಿಯ ಗೃಹಸ್ಥರನೇಕರು ನಮ್ಮನ್ನು ಕೇಳಿರುವರು. ಯಂತ್ರವೆಂಬ ಶಬ್ದವು ಹತೋಟಿಯಲ್ಲಿಡುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದೆಂಬುದನ್ನು ಮಾತ್ರ ಅವರಿಗೆ ನೆನಪಿಸುವೆವು.

ಮೊದಲಿನ ಮೋಟಾರುಗಳಲ್ಲಿ ಮುಂಭಾಗದ ಕಬ್ಬಿಣದ ಹಿಡಿಯನ್ನು ಕೈಯಿಂದಲೇ ತಿರುಗಿಸಬೇಕಾಗಿದ್ದಿತು. ಕಿಡಿಯು ಸಮಯಕ್ಕೆ ಮುಂಚೆ ಹೊತ್ತಿದರೆ ಹಿಡಿಯು ಹಿಮ್ಮೆಟ್ಟಿ ಬಡಿದು ಮಣಿಕಟ್ಟನ್ನೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗನು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಮೋಟಾರಿನಲ್ಲಿ ಬಂದ ಬಳಿಕ ಆ ಭಯವು ಕ್ರಮವಾಗಿ ತೊಲಗಿತು. ಅದರೊಡನೆ ಎಚ್ಚರವೂ ತೊಲಗಿದಂತೆ ತೋರುವುದು.

ಗಾಡಿಯನ್ನು ಹತ್ತುವ ಮೊದಲು ಸುತ್ತಲೂ ಕೆಳಗೂ ಒಮ್ಮೆ ನೋಡತಕ್ಕದ್ದು. ನಮ್ಮೂರಿನ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದರಿಂದ ನಾಯಿಗಳು ಗಾಡಿಯ ನೆರಳನ್ನೇ ಆಶ್ರಯಿಸುವುವು. ಆಡುವ ಮಕ್ಕಳೂ ಅಲ್ಲಿ ಕುಳಿತಿರುವುದುಂಟು. ಅನಂತರ ಹ್ಯಾಂಡ್‌ಬ್ರೇಕನ್ನು ಎಳೆದು, ಗೇರನ್ನು ನ್ಯೂಟ್ರಲಿಗೆ ತಂದು, ಕ್ಲಚ್ಚನ್ನು ಪೂರ್ತಿ ಒತ್ತಬೇಕು. ಗೇರಿನಲ್ಲಿ ನಿಂತ ಗಾಡಿಗೆ ಕೀಲಿ ತಿರುಗಿಸಿದರೆ ಸ್ಟಾರ್ಟರೇ ಚಕ್ರಗಳನ್ನು ಉರುಳಿಸಿ ಗಾಡಿಯು ಮುಂದಕ್ಕೆ ನೆಗೆಯುವುದು. ಮುಂದೆ ಮನೆಯ ಜಗುಲಿಯಿದ್ದು, ಅದರ ಮೇಲೆ ಮುದುಕರು ಕುಳಿತಿದ್ದರೆ ಏನು ಗತಿ? ಕೀಲಿಯನ್ನು ಗಾಡಿಯಲ್ಲಿಯೇ ಬಿಟ್ಟು ಮಕ್ಕಳನ್ನು ಕೂಡಿಸಿ ಅಂಗಡಿಗೆ ಇಳಿಯುವ ತಂದೆತಾಯಿಗಳಿಗೆ ಈ ಮಾತನ್ನು ಇಮ್ಮಡಿಯಾಗಿ ಹೇಳಬೇಕಾಗಿದೆ.

ಕೀಲಿಯನ್ನು ಮೊದಲು ದೀಪಗಳು ಹೊತ್ತುವವರೆಗೆ ಮಾತ್ರ ತಿರುಗಿಸಿ, ಎರಡು ಮೂರು ಕ್ಷಣ ತಡೆಯುವುದು. ಕಮಲಾಪುರದಿಂದ ಕೆಂಪು ಬಾಳೆಯ ಗೊನೆಗಳನ್ನು ಹೇರಿಕೊಂಡು ನಸುಕಿನಲ್ಲಿ ಹೊರಡುವ ಡೀಸೆಲ್ ಗಾಡಿಯಾದರೆ, ಸುರುಳಿ ಗುರುತಿನ ಹಳದಿ ದೀಪವು ಆರುವವರೆಗೆ ಕಾಯಬೇಕು. ಬಳಿಕ ಕೀಲಿಯನ್ನು ಪೂರ್ತಿ ತಿರುಗಿಸಿ, ಇಂಜಿನು ಹಿಡಿದೊಡನೆ ಬಿಡಬೇಕು. ಹತ್ತು ಸೆಕೆಂಡಿನೊಳಗೆ ಹಿಡಿಯದಿದ್ದರೆ ಅರ್ಧ ನಿಮಿಷ ಸುಮ್ಮನಿದ್ದು ಮತ್ತೆ ಯತ್ನಿಸುವುದು. ಹಟದಿಂದ ತಿರುಗಿಸುತ್ತಲೇ ಇದ್ದರೆ ಸ್ಟಾರ್ಟರು ಸುಡುವುದು. ಎಣ್ಣೆಯ ಗುರುತಿನ ಕೆಂಪು ದೀಪವು ಕೆಲವು ಕ್ಷಣಗಳಲ್ಲಿ ಆರದಿದ್ದರೆ ಇಂಜಿನನ್ನು ಕೂಡಲೇ ನಿಲ್ಲಿಸತಕ್ಕದ್ದು. ಚಾಲೂ ಆದೊಡನೆ ಅಬ್ಬರಿಸುವಂತೆ ಒತ್ತುವುದು ಕೆಲವರಿಗೆ ಪೌರುಷ. ಎಣ್ಣೆಯು ಇನ್ನೂ ಎಲ್ಲೆಡೆಗೂ ಏರದ ಇಂಜಿನಿಗೆ ಅದು ಸವೆತ.

ಬಾಗಿಲಿಕ್ಕಿದ ಷೆಡ್ಡಿನಲ್ಲಿ ಇಂಜಿನನ್ನು ಎಂದಿಗೂ ಓಡಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನು ಅರಿಯುವ ಮುನ್ನವೇ ಪ್ರಾಣ ಹೋಗುವುದು.

ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿಗಳು ಬೇಗ ಸೋಲುವುವು. ಕಮಲಾಪುರದ ಹಾದಿಯ ಸುಮಾರು 35 ಕಿಲೋಮೀಟರಿನಲ್ಲಿ ಹೀಗಾಗಿ ಇನ್ನೊಬ್ಬರ ಬ್ಯಾಟರಿಯನ್ನು ಬೇಡಬೇಕಾದರೆ, ಕೆಂಪು ತಂತಿಯನ್ನು ಎರಡೂ ಬ್ಯಾಟರಿಗಳ ಧನಧ್ರುವಗಳಿಗೆ ಕಚ್ಚಿಸಿ, ಕಪ್ಪು ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣಧ್ರುವಕ್ಕೂ, ಇನ್ನೊಂದನ್ನು ಸೋತ ಗಾಡಿಯ ಇಂಜಿನಿನ ಬರಿಯ ಲೋಹಕ್ಕೂ ಸೇರಿಸುವುದು. ಈ ಕೊನೆಯ ತುದಿಯು ಬ್ಯಾಟರಿಯಿಂದ ದೂರವಿರಬೇಕು. ಅಲ್ಲಿ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ತಗುಲಿದರೆ ಬ್ಯಾಟರಿಯೇ ಸಿಡಿಯಬಹುದು. ಬಿಚ್ಚುವಾಗ ಹಾಕಿದ ಕ್ರಮಕ್ಕೆ ವಿಪರೀತವಾಗಿ ಬಿಚ್ಚುವುದು.