ಪಣವಿಟ್ಟವರು ಯಾರು, ಪಣವಾದವರು ಯಾರು?

ನಮ್ಮ ಗುಡ್ಡಸಾಲಿನ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ‘ಥೀಮ್’ ಎಂಬ ಪದವೂ ಹಿಂದೆಯೇ ಬರುತ್ತದೆ. ಇರುವ ಊರು ಸಾಲದು, ಊರಿನ ವೇಷ ತೊಟ್ಟ ಇನ್ನೊಂದು ಊರು ಬೇಕು ಎಂಬುದು ಅದರ ಅರ್ಥ. ಇಂಥ ವೇಷದ ಆಯುಸ್ಸು ಎಷ್ಟು, ಅದರ ವೆಚ್ಚವನ್ನು ತೆರುವವರು ಯಾರು ಎಂಬುದನ್ನು ತಿಳಿಯಲು ದೂರದ ಒಂದು ಜೂಜುಮನೆಯ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿ ಕಡಲತೀರದ ಹಳೆಯ ವಿಹಾರನಗರ. ಪ್ರವಾಸಿಗರು ಕಡಿಮೆಯಾಗಿ ಊರು ಸೊರಗಿದಾಗ, ಕ್ಯಾಸಿನೊಗಳಿಂದ ಅದಕ್ಕೆ ಮರುಜೀವ ಬರುವುದೆಂಬ ಭರವಸೆಯನ್ನು ನಂಬಿ ಆ ರಾಜ್ಯದ ಮತದಾರರು 1976ರಲ್ಲಿ ಒಪ್ಪಿಗೆಯಿತ್ತರು. 1978ರಲ್ಲಿ ಮೊದಲ ಕ್ಯಾಸಿನೊ ಬಾಗಿಲು ತೆರೆಯಿತು. 1990ರ ಏಪ್ರಿಲ್ 2ರಂದು ಅಲ್ಲಿಯೇ ‘ಟ್ರಂಪ್ ತಾಜ್ ಮಹಲ್’ ಆರಂಭವಾಯಿತು. ನಮ್ಮ ದೇಶದ ಒಂದು ಸಮಾಧಿಯ ಹೆಸರು, ಎಪ್ಪತ್ತು ಮಿನಾರುಗಳು, ಬಾಗಿಲಲ್ಲಿ ಕಲ್ಲಿನ ಆನೆಗಳು, ಪೇಟ ಸುತ್ತಿದ ದ್ವಾರಪಾಲಕರು. ಒಡೆಯ ಡೊನಾಲ್ಡ್ ಟ್ರಂಪ್ ಅದನ್ನು ಜಗತ್ತಿನ ಎಂಟನೆಯ ಅದ್ಭುತವೆಂದು ಕರೆದರು.

ಸುಮಾರು ನೂರು ಕೋಟಿ ಡಾಲರಿನ ಈ ಕಟ್ಟಡ ನಿಂತದ್ದು ಸಾಲದ ಮೇಲೆ. 67.5 ಕೋಟಿ ಡಾಲರಿನಷ್ಟು ಹಣವನ್ನು ಶೇಕಡಾ 14ರ ಬಡ್ಡಿಗೆ ಎತ್ತಲಾಗಿತ್ತು. ಜೂಜಿನ ಆದಾಯವೂ ಆ ಬಡ್ಡಿಗೆ ಸಾಲದಾಯಿತು. ವರ್ಷ ಕಳೆಯುತ್ತಲೇ, 1991ರಲ್ಲಿ, ಸಂಸ್ಥೆ ದಿವಾಳಿತನದ ರಕ್ಷಣೆ ಕೋರಿತು. ಅಮೃತಶಿಲೆ ಹಾಸಿದ, ಗಾಜು ಕೂಡಿಸಿದ, ಕೊಳವೆ ಜೋಡಿಸಿದ ಇನ್ನೂರಕ್ಕೂ ಹೆಚ್ಚು ಗುತ್ತಿಗೆದಾರರು ಬಾಕಿಗಾಗಿ ಕಾದು ನಿಂತರು. ಮುಂದೆ ಮಾಲೀಕತ್ವ ಕೈ ಬದಲಿಸಿತು, ದಿವಾಳಿಗಳು ಮರುಕಳಿಸಿದವು. 2014ರ ದಿವಾಳಿಯಲ್ಲಿ ನೌಕರರ ಆರೋಗ್ಯ ವಿಮೆ ಮತ್ತು ಪಿಂಚಣಿಗೆ ಕತ್ತರಿ ಬಿದ್ದಿತು. ಅವುಗಳ ಮರಳಿಕೆಗಾಗಿ 2016ರ ಜುಲೈ 1ರಿಂದ ಮುಷ್ಕರ ನಡೆಯಿತು. ಅಕ್ಟೋಬರ್ 10ರಂದು ಬಾಗಿಲೇ ಮುಚ್ಚಿ ಸುಮಾರು ಮೂರು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಮರುತಿಂಗಳು ಅಟ್ಲಾಂಟಿಕ್ ಸಿಟಿಯ ಹಣಕಾಸಿನ ಆಡಳಿತವನ್ನು ರಾಜ್ಯ ಸರ್ಕಾರವೇ ವಹಿಸಿಕೊಂಡಿತು. 2018ರಲ್ಲಿ ಅದೇ ಕಟ್ಟಡ ಬೇರೆ ಹೆಸರಿನಲ್ಲಿ, ಗಿಟಾರಿನ ವೇಷದಲ್ಲಿ ಮತ್ತೆ ತೆರೆಯಿತು. ತಾಜ್ ಬಾಳಿದ್ದು ಇಪ್ಪತ್ತಾರು ವರ್ಷ. ಕ್ರಿ.ಶ. 578ರಲ್ಲಿ ಮಂಗಳೇಶನು ಮಾಡಿಸಿದ ಬಾದಾಮಿಯ ಮೂರನೆಯ ಗುಹಾಲಯ ಇಂದಿಗೂ ನಿಂತಿದೆ.

ಇದು ಪರದೇಶದ ಕಥೆಯೆಂದು ಕೈಬಿಡುವಂತಿಲ್ಲ. ಕರ್ನಾಟಕದಲ್ಲಿ ಜೂಜುಕಟ್ಟೆಗೆ ಕಾನೂನಿನ ಅನುಮತಿಯಿಲ್ಲ, ಲಾಟರಿಯೂ 2007ರಲ್ಲಿ ನಿಂತಿತು. ಆದರೆ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವೆಯಲ್ಲಿ ಮಾಂಡೋವಿಯಾಗಿ ಪಣಜಿಯ ಕ್ಯಾಸಿನೊ ಹಡಗುಗಳನ್ನು ಹೊತ್ತಿದೆ. ಮಲಪ್ರಭೆಯ ಬಯಲಿನ ರೈತರು ದಶಕಗಳಿಂದ ಕೇಳುತ್ತಿರುವುದು ಇದೇ ನದಿಯ ನೀರನ್ನು. 2017ರ ಜುಲೈನಲ್ಲಿ ‘ಲಕ್ಕಿ ಸೆವೆನ್’ ಎಂಬ ಕ್ಯಾಸಿನೊ ಹಡಗು ಮಳೆಗಾಲದ ಅಬ್ಬರದಲ್ಲಿ ಮಾಂಡೋವಿಯ ಮುಖಕ್ಕೆ ಬರುವಾಗ ಮೀರಾಮಾರ್ ತೀರದ ಮರಳಿನಲ್ಲಿ ಹೂತು, ತಿಂಗಳುಗಟ್ಟಲೆ ಅಲ್ಲಿಯೇ ಉಳಿಯಿತು. ಭಾಗ್ಯದ ಹೆಸರು ಹಡಗಿಗೆ, ತೈಲ ಸೋರೀತೆಂಬ ಭಯ ತೀರದವರಿಗೆ.

ಧರ್ಮರಾಯನು ತಮ್ಮಂದಿರನ್ನೂ ಮಡದಿಯನ್ನೂ ಪಣವಿಟ್ಟಾಗ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಜೂಜಿನ ನಿಜವಾದ ಅನ್ಯಾಯವಿರುವುದು ಸೋಲಿನಲ್ಲಲ್ಲ, ಅಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ನಡೆದ ಬಾಗಲಕೋಟೆಯ ಜನರಿಗೆ, ಗುಡಿಗಳ ನಡುವೆಯೇ ಬಾಳುತ್ತ ಸ್ಥಳಾಂತರದ ಮಾತನ್ನು ದಶಕಗಳಿಂದ ಕೇಳುತ್ತ ಬಂದ ಹುನಗುಂದ ತಾಲ್ಲೂಕಿನ ಐಹೊಳೆಯವರಿಗೆ, ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳ ಆಳವಾದ ಹೊಂಡಗಳ ಅಂಚಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರವಾಸಿಗರು ಬರಲಿ, ಊರಿನ ಯುವಕರಿಗೆ ಉದ್ಯೋಗ ದೊರೆಯಲಿ. ನಮ್ಮ ವಿರೋಧ ಅದಕ್ಕಲ್ಲ. ಆದರೆ ಯಾವ ಯೋಜನೆಯೇ ಬರಲಿ, ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳೋಣ. ನೀರು ಯಾವ ಕೆರೆಯದು? ಸಾಲ ಯಾರ ಹೆಸರಿನದು? ಬಾಗಿಲು ಮುಚ್ಚಿದ ಮರುದಿನ ಅವಶೇಷಗಳನ್ನು ತೆಗೆಯುವವರು ಯಾರು? ಉತ್ತರವು ಬರಹದಲ್ಲಿ ಬರಲಿ, ಸಭೆಯ ನಡಾವಳಿಯಲ್ಲಿ ದಾಖಲಾಗಲಿ. ವಿದ್ಯಾರ್ಥಿಗಳು ಆ ನಡಾವಳಿಯನ್ನು ಓದಿ ಹಿರಿಯರಿಗೆ ತಿಳಿಸಲಿ. ಉತ್ತರವಿಲ್ಲದ ಯೋಜನೆಗೆ ನಮ್ಮ ಗುಡ್ಡವನ್ನು ಪಣವಾಗಿ ಕೊಡಲಾಗದು.