ದೋಸೆ ಹಿಟ್ಟಿಗೂ ಬಂತು ಹಾಲಿನ ಸತ್ವ

ಹಾಲಿನ ಮಹಾಮಂಡಳಿಗೆ ದೋಸೆ ಹಿಟ್ಟಿನ ಉಸಾಬರಿ ಯಾಕೆ ಎಂದು ಅರಸೀಕೆರೆ ಪೇಟೆಯಲ್ಲಿ ಮೂಗು ಮುರಿಯುವವರಿರಬಹುದು. ವಿಷಯ ಅಷ್ಟು ಹಗುರದ್ದಲ್ಲ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ‘ನಂದಿನಿ’ ಇಡ್ಲಿ-ದೋಸೆ ಹಿಟ್ಟಿಗೆ ಶೇ. 5ರಷ್ಟು ಹಾಲಿನ ಪ್ರೋಟೀನ್ ಬೆರೆಸಲಾಗಿದೆ. ಎಲ್ಲಿಯದು ಅಂತೀರಾ? ಹಾಲು ಒಡೆಸಿ ಪನೀರು ತೆಗೆದ ಮೇಲೆ ಉಳಿಯುವ ತಿಳಿನೀರಿನದು. ಹಾಲಿನ ಮುಕ್ಕಾಲು ಪಾಲಿಗೂ ಮೀರಿ ಈ ನೀರೇ. ಮೋರಿಗೆ ಬಿಟ್ಟರೆ ಕೊಳೆತು ಕೆರೆ ಕೆಡಿಸುತ್ತೆ. ಸತ್ವ ತೆಗೆದು ಹಿಟ್ಟಿಗೆ ಹಾಕಿದರೆ ಮಕ್ಕಳ ಹೊಟ್ಟೆ ಸೇರುತ್ತೆ. ಲೆಕ್ಕ ಸರಿಯಾಗಿಯೇ ಇದೆ.

ತೊಡಕಿರುವುದು ಅಂಗಡಿಯಲ್ಲಿ. 450 ಗ್ರಾಂ ಪೊಟ್ಟಣಕ್ಕೆ ಆರಂಭದ ಬೆಲೆ 40 ರೂಪಾಯಿ. ಬೇಲೂರು, ಹಳೇಬೀಡಿನ ಸಣ್ಣ ಅಂಗಡಿಯವರು ಇದನ್ನಿಡಬೇಕಾದರೆ ಫ್ರಿಜ್ ಬೇಕು. ಕರೆಂಟು ಹೋಗಿ ಹಿಟ್ಟು ಉಬ್ಬಿ ಹುಳಿಯಾದರೆ ನಷ್ಟ ಯಾರ ತಲೆಗೆ? ಮನೆಯಲ್ಲೇ ರುಬ್ಬಿ ಮಾರಿ ಸಂಸಾರ ತೂಗಿಸುವ ಹೆಂಗಸರ ಪಾಡೇನು?

ಇನ್ನೊಂದು ಮಾತು. ಇದು ಅಕ್ಕಿ, ಉದ್ದಿನ ಹಿಟ್ಟು. ಅರಸೀಕೆರೆ ಬಯಲು ರಾಗಿ ಸೀಮೆ. ಕಡಿಮೆ ನೀರಿಗೆ ಬರುವ, ಸುಣ್ಣದಂಶ ಹೆಚ್ಚಿರುವ ರಾಗಿಗೆ ಇದೇ ಸತ್ವ ಸೇರಿಸಿ ಹಾಸನದ ಕಡೆಯೇ ರುಬ್ಬಿಸಿದರೆ, ಡೇರಿಗೆ ಹಾಲು ಹಾಕುವವರ ಹೊಲದ ರಾಗಿಗೂ ಒಂದು ದಾರಿಯಾದೀತು. ಆದರೆ ಕೆಟ್ಟ ಪೊಟ್ಟಣ ವಾಪಸು ತಗೊಳ್ಳುವ ಮಾತು ಅಂಗಡಿಯವರ ಜೊತೆ ಮೊದಲೇ ಆಗಿಬಿಡಲಿ.